ಫ್ರ್ಯಾಂಕ್ ಬೊರ್ಜೇಗಿಯ ಚಲಚ್ಚಿತ್ರಗಳಲ್ಲಿ ಕರುಣವಿಪ್ರಲಂಭ

೧. ಪೀಠಿಕೆ

ಪಾಶ್ಚಾತ್ಯ ರಂಗಭೂಮಿಯಲ್ಲಿ ‘ಮೆಲೋಡ್ರಾಮಾ’ ಎಂದು ಹೆಸರಾದ ನಾಟಕಜಾತಿಗೆ ಜನರ ಆದರ ದೊರೆತಷ್ಟು ಸುಲಭವಾಗಿ ವಿಮರ್ಶಕರ ಮನ್ನಣೆ ದೊರೆಯಲಿಲ್ಲ. ಗೀತವೆಂಬ ಅರ್ಥದ ಗ್ರೀಕ್ ಶಬ್ದವೂ ನಾಟಕವೆಂಬ ಅರ್ಥದ ಶಬ್ದವೂ ಕೂಡಿ ಆದ ಈ ಹೆಸರು ಮೊದಲಲ್ಲಿ ವಾದ್ಯಮೇಳದೊಡನೆ ಆಡತಕ್ಕ ರೂಪಕಕ್ಕೆ ಸಲ್ಲುತ್ತಿದ್ದಿತು. ೧೭೭೦ರಲ್ಲಿ ಪ್ರಯೋಗವಾದ ರೂಸೋವಿನ ‘ಪಿಗ್ಮೇಲಿಯನ್’ ಇದಕ್ಕೆ ಮೇಲ್ಪಂಕ್ತಿ. ಫ್ರಾನ್ಸಿನ ಮಹಾಕ್ರಾಂತಿಯ ತರುವಾಯ, ೧೮೦೦ರಲ್ಲಿ, ಪಿಕ್ಸೆರೆಕೂರನ ‘ಸೆಲಿನಾ’ ಎಂಬ ನಾಟಕವು ಪ್ಯಾರಿಸ್ಸಿನಲ್ಲಿ ಜಯಭೇರಿ ಹೊಡೆದ ಮೇಲೆ ಅರ್ಥವು ಬೇರೆಯಾಯಿತು. ನಿರಪರಾಧಿಗಳ ಪೀಡನೆ, ಖಳನ ಒಳಸಂಚು, ಆಕಸ್ಮಿಕವಾದ ಗುರುತು ಹಿಡಿಯುವಿಕೆ, ಕಟ್ಟಕಡೆಗೆ ಧರ್ಮದ ಗೆಲವು, ಇವಿಷ್ಟೂ ಉಳ್ಳ ಭಾವೋದ್ರೇಕದ ನಾಟಕಕ್ಕೆ ಆ ಹೆಸರು ನಿಂತಿತು.

ಇಂತಹ ನಾಟಕಗಳ ಮೇಲೆ ಹೊರಿಸಲಾಗುವ ದೋಷಗಳಲ್ಲಿ ಮುಖ್ಯವಾದುದು ಅಸಂಭಾವ್ಯತೆ. ಸತ್ತನೆಂದು ತಿಳಿದವನು ಬದುಕಿ ಬರುವನು. ಕುಂಟನು ಎದ್ದು ನಡೆಯುವನು. ಕಣ್ಣೀರು ಉಕ್ಕುವ ಗಳಿಗೆಗೆ ಸರಿಯಾಗಿ ಬಾಗಿಲು ತೆರೆಯುವುದು. ಇವು ಕವಿಯ ಸೋಮಾರಿತನವಲ್ಲದೆ ಮತ್ತೇನೂ ಅಲ್ಲವೆಂಬುದು ರೂಢಿಯಾಗಿ ಬಂದ ಅಭಿಪ್ರಾಯ. ೧೯೭೬ರಲ್ಲಿ ಪೀಟರ್ ಬ್ರೂಕ್ಸನು ಮೆಲೋಡ್ರಾಮಾ ಕಲ್ಪನೆಯನ್ನು ಕುರಿತು ಬರೆದ ಗ್ರಂಥವು ಇದಕ್ಕೆ ಬೇರೊಂದು ಸಮಾಧಾನವನ್ನು ಹೇಳಿತು. ಮತಶ್ರದ್ಧೆಯು ಸಡಿಲಿದ ಕಾಲದಲ್ಲಿ ಧರ್ಮಾಧರ್ಮಗಳ ವ್ಯವಸ್ಥೆಯನ್ನು ಕಣ್ಣಿಗೆ ಕಾಣುವಂತೆ ಮಾಡಿ ತೋರಿಸುವುದೇ ಈ ನಾಟಕದ ಕಾರ್ಯವೆಂಬುದು ಆತನ ಮತದ ಸಾರ.

ಈ ಪ್ರಶ್ನೆಯನ್ನು ಸಾಮಾನ್ಯವಾಗಿ ಚರ್ಚಿಸುವುದಕ್ಕಿಂತ ಒಬ್ಬ ಕಲಾವಿದನ ಕೃತಿಗಳಲ್ಲಿಟ್ಟು ನೋಡುವುದು ಮೇಲು. ಅದಕ್ಕೆ ತಕ್ಕವನು ಹಾಲಿವುಡ್ಡಿನ ಮೊದಲ ತಲೆಮಾರಿನ ನಿರ್ದೇಶಕನಾದ ಫ್ರ್ಯಾಂಕ್ ಬೊರ್ಜೇಗಿ. ಈತನ ಚಿತ್ರಗಳಲ್ಲಿ ‘ಮರಳಿ ಬರುವಿಕೆ’ಯೆಂಬ ಘಟನೆಯು ಪದೇ ಪದೇ ಕಾಣಬರುವುದು. ಅದು ಕಥೆಯನ್ನು ಮುಗಿಸಲು ಹೂಡಿದ ಸುಲಭೋಪಾಯವಲ್ಲ, ಕೃತಿಯ ಜೀವಾಳ. ಮತ್ತು ೧೯೨೭ರಿಂದ ೧೯೪೦ರವರೆಗೆ ಆ ಘಟನೆಯ ಸ್ವರೂಪವು ಬದಲಾದ ಕ್ರಮವೇ ಈ ನಿರ್ದೇಶಕನ ಅಂತರಂಗದ ಚರಿತ್ರೆ. ಇವೆರಡನ್ನು ತೋರಿಸುವುದು ಪ್ರಕೃತ ಲೇಖನದ ಉದ್ದೇಶ.

೨. ಜೀವನ ಮತ್ತು ಆರಂಭದ ಕೃತಿಗಳು

ಬೊರ್ಜೇಗಿಯು ೧೮೯೪ನೆಯ ಏಪ್ರಿಲ್ ೨೩ರಂದು ಅಮೆರಿಕಾ ಸಂಯುಕ್ತ ಸಂಸ್ಥಾನದ ಸಾಲ್ಟ್ ಲೇಕ್ ಸಿಟಿಯಲ್ಲಿ ಹುಟ್ಟಿದನು. ತಂದೆ, ಆಗ ಆಸ್ಟ್ರಿಯಾ ಚಕ್ರಾಧಿಪತ್ಯಕ್ಕೆ ಸೇರಿದ್ದ ಇಟಾಲಿಯನ್ ಭಾಷೆಯ ಸೀಮೆಯಿಂದ ವಲಸೆ ಬಂದ ಕಲ್ಲುಕೆಲಸದವನು; ತಾಯಿ ಸ್ವಿಟ್ಜರ್‌ಲೆಂಡಿನವಳು. ಹದಿನಾಲ್ಕು ಮಕ್ಕಳಲ್ಲಿ ಬಾಲ್ಯ ಕಳೆದು ಉಳಿದವರು ಎಂಟು ಮಂದಿ. ಬಡವರ ಮನೆಯ ಒಲೆ, ಮೇಜು, ಹಾಸಿಗೆಗಳನ್ನು ಈತನು ಮುಂದೆ ತೆರೆಯ ಮೇಲೆ ತೋರಿಸಿದಾಗ ಅವು ಎಲ್ಲಿಯೂ ಹೊರಗಿನವನು ಕನಿಕರದಿಂದ ಕಂಡ ವಸ್ತುಗಳಂತೆ ತೋರುವುದಿಲ್ಲ.

ಹರೆಯದಲ್ಲೇ ಸಂಚಾರಿ ನಾಟಕಮಂಡಲಿಗಳನ್ನು ಸೇರಿ, ೧೯೧೨ರ ಸುಮಾರಿಗೆ ಹಾಲಿವುಡ್ಡಿಗೆ ಬಂದು, ಟಾಮಸ್ ಇನ್ಸ್ ಎಂಬ ನಿರ್ಮಾಪಕನ ಚಿತ್ರಗಳಲ್ಲಿ ನಟನಾದನು. ೧೯೧೫ರಲ್ಲಿ ‘ದಿ ಪಿಚ್ ಓ ಚಾನ್ಸ್’ ಎಂಬ ಕಿರುಚಿತ್ರವನ್ನು ತಾನೇ ನಟಿಸಿ ನಿರ್ದೇಶಿಸಿದನು. ಕೆಲವು ವರ್ಷಗಳಲ್ಲಿ ನಟನ ವೇಷವನ್ನು ಕಳಚಿ ನಿರ್ದೇಶಕನಾಗಿಯೇ ನಿಂತನು.

ಹೆಸರು ತಂದ ಮೊದಲ ಕೃತಿ ‘ಹ್ಯೂಮರೆಸ್ಕ್’ (೧೯೨೦). ಫ್ಯಾನಿ ಹರ್ಸ್ಟ್ ಬರೆದ ಕಥೆಯನ್ನು ಫ್ರಾನ್ಸಿಸ್ ಮೇರಿಯನ್ ಎಂಬಾಕೆ ಚಿತ್ರಕ್ಕೆ ಅಳವಡಿಸಿದಳು. ನ್ಯೂಯಾರ್ಕಿನ ಬಡ ಯೆಹೂದ್ಯರ ಕೇರಿಯಲ್ಲಿ ತಾಯಿಯೊಬ್ಬಳು, ತನ್ನ ಮಕ್ಕಳಲ್ಲಿ ಒಬ್ಬನಾದರೂ ಸಂಗೀತಗಾರನಾಗಲೆಂದು ದೇವರನ್ನು ಬೇಡುವಳು. ಮಗನು ಪಿಟೀಲು ವಿದ್ವಾಂಸನಾಗುವನು. ಯುದ್ಧಕ್ಕೆ ಹೋಗಿ ತೋಳಿಗೆ ಪೆಟ್ಟು ತಿಂದು ಬಂದು ಕಮಾನು ಹಿಡಿಯಲಾರದವನಾಗುವನು. ಮೂರ್ಛೆಹೋದ ಪ್ರಿಯೆಯನ್ನು ಎತ್ತಿಕೊಳ್ಳಲು ಹೋದಾಗ ಸೊರಗಿದ ತೋಳಿಗೆ ಚೈತನ್ಯ ಮರಳುವುದು. ‘ಫೋಟೋಪ್ಲೇ’ ಪತ್ರಿಕೆಯು ವಾಚಕರ ಮತದಿಂದ ಕೊಡಲಾರಂಭಿಸಿದ ಪದಕಗಳಲ್ಲಿ ಮೊದಲನೆಯದು ಈ ಚಿತ್ರಕ್ಕೆ ಸಂದಿತು. ಬೊರ್ಜೇಗಿಯ ಮೂಲಪದಾರ್ಥಗಳು ಇಲ್ಲಿಯೇ ಇವೆ: ಬಡತನದ ನಡುವೆ ಒಂದು ಬೆಚ್ಚಗಿನ ನೆಲೆ, ಹೊರಗಿನಿಂದ ಬಂದೆರಗುವ ಯುದ್ಧ, ಭಗ್ನವಾದ ದೇಹ, ಪ್ರೇಮದಿಂದ ಅದರ ಪುನರುಜ್ಜೀವನ.

೩. ‘ಸೆವೆಂತ್ ಹೆವನ್’

೧೯೨೫ರಲ್ಲಿ ಬೊರ್ಜೇಗಿಯು ಫಾಕ್ಸ್ ಸಂಸ್ಥೆಯನ್ನು ಸೇರಿದನು. ಮರುವರ್ಷ ಜರ್ಮನಿಯ ಮುರ್ನೌ ಅದೇ ಸಂಸ್ಥೆಗೆ ಬಂದನು. ನೆರಳು ಬೆಳಕುಗಳ ಹೊಂದಿಕೆ, ಕ್ಯಾಮರಾದ ನಿರಂತರ ಚಲನೆ, ಸ್ಟುಡಿಯೋದೊಳಗೇ ಕಟ್ಟಿದ ಕೃತಕ ನಗರ, ಇವುಗಳಲ್ಲಿ ಮುರ್ನೌವಿನ ಪ್ರಭಾವವು ಬೊರ್ಜೇಗಿಯ ಮೇಲೆ ಆಯಿತೆಂಬುದು ನಿಸ್ಸಂದೇಹ. ಜಾನೆಟ್ ಗೇನರ್ ಎಂಬ ನಟಿಯು ಇಬ್ಬರ ಚಿತ್ರಗಳಲ್ಲಿಯೂ ನಾಯಿಕೆ. ಆದರೆ ಮುರ್ನೌ ವಿಧಿಯ ಕವಿ. ಬೊರ್ಜೇಗಿ ಶ್ರದ್ಧೆಯ ಕವಿ.

ಆಸ್ಟಿನ್ ಸ್ಟ್ರಾಂಗನ ನಾಟಕವನ್ನು ಆಧರಿಸಿದ ‘ಸೆವೆಂತ್ ಹೆವನ್’, ಎಂದರೆ ‘ಏಳನೆಯ ಸ್ವರ್ಗ’, ೧೯೨೭ರಲ್ಲಿ ತೆರೆಕಂಡಿತು. ನಾಯಕ ಚೀಕೋ ಪ್ಯಾರಿಸ್ಸಿನ ನೆಲದಡಿಯ ಚರಂಡಿಯಲ್ಲಿ ದುಡಿಯುವ ಕೂಲಿ. ಮೇಲೆ ಬಂದು ಬೀದಿ ತೊಳೆಯುವವನಾಗಬೇಕೆಂಬುದು ಅವನ ಮಹತ್ವಾಕಾಂಕ್ಷೆ. ದೇವರಿಗೆ ಮೇಣದ ಬತ್ತಿ ಹಚ್ಚಿಸಿದರೂ ಬೇಡಿದ್ದು ಕೈಗೂಡಲಿಲ್ಲವಾಗಿ ತಾನು ನಾಸ್ತಿಕನೆಂದು ಹೇಳಿಕೊಳ್ಳುವನು. ಡಯಾನ್ ಎಂಬ ಅನಾಥೆಯು ಅಕ್ಕನ ಚಾವಟಿಯೇಟಿನಿಂದ ಓಡಿಬಂದವಳು. ಪೊಲೀಸರಿಂದ ಅವಳನ್ನು ತಪ್ಪಿಸಲು ಚೀಕೋ ಅವಳು ತನ್ನ ಹೆಂಡತಿಯೆಂದು ಸುಳ್ಳಾಡುವನು. ಪೊಲೀಸರು ವಿಚಾರಣೆಗೆ ಬರುವವರೆಗೆ ತನ್ನ ಮನೆಯಲ್ಲಿಯೇ ಇಟ್ಟುಕೊಳ್ಳಬೇಕಾಗುವುದು. ಆ ಮನೆ ಏಳನೆಯ ಅಂತಸ್ತಿನ ಮಾಳಿಗೆಯ ಕೋಣೆ. ಇಬ್ಬರೂ ಮೆಟ್ಟಿಲು ಹತ್ತುವುದನ್ನು ಕ್ಯಾಮರಾ ಅವರೊಡನೆ ತಾನೂ ಅಂತಸ್ತಂತಸ್ತಾಗಿ ಮೇಲೇರುತ್ತ ತೋರಿಸುವುದು. ಚರಂಡಿಯಿಂದ ನಕ್ಷತ್ರದವರೆಗಿನ ಆರೋಹಣವನ್ನು ಮಾತಿಲ್ಲದೆ ಹೇಳಿದ ಈ ದೃಶ್ಯವು ಮೂಕಚಿತ್ರಕಲೆಯ ಶ್ರೇಷ್ಠಸಿದ್ಧಿಗಳಲ್ಲೊಂದು.

ಸುಳ್ಳು ದಾಂಪತ್ಯವು ನಿಜವಾಗುವ ಹೊತ್ತಿಗೆ ೧೯೧೪ರ ಯುದ್ಧವು ಮೊದಲಾಗುತ್ತದೆ. ವಿವಾಹಕ್ಕೆ ಸಮಯವಿಲ್ಲ. ಪಾದ್ರಿಯು ಹಿಂದೆ ಕೊಟ್ಟಿದ್ದ ಪದಕಗಳನ್ನು ಪರಸ್ಪರ ಕೊರಳಿಗೆ ಹಾಕಿ, ತಮ್ಮನ್ನು ತಾವೇ ದಂಪತಿಗಳೆಂದು ಸಾರಿಕೊಳ್ಳುವರು. ದಿನವೂ ಹನ್ನೊಂದು ಗಂಟೆಗೆ ಒಬ್ಬರನ್ನೊಬ್ಬರು ಮನಸ್ಸಿನಲ್ಲಿ ಕರೆಯಬೇಕೆಂದು ಸಂಕೇತವಾಗುವುದು. ಹಲವು ವರ್ಷ ಹೀಗೆ ನಡೆದ ಮೇಲೆ, ೧೯೧೮ರ ನವೆಂಬರಿನಲ್ಲಿ ಕದನವಿರಾಮದ ದಿನದಂದು, ಚೀಕೋ ಮಡಿದನೆಂಬ ಸುದ್ದಿಯನ್ನು ಪಾದ್ರಿಯೇ ತರುವನು. ಡಯಾನಳ ಶ್ರದ್ಧೆ ಕುಸಿಯುವುದು. ಅಷ್ಟರಲ್ಲಿ ಬೀದಿಯ ಉತ್ಸವದ ಜನಸಂದಣಿಯನ್ನು ಸೀಳಿಕೊಂಡು, ಕಣ್ಣು ಕಳೆದುಕೊಂಡ ಚೀಕೋ ಅದೇ ಏಳು ಅಂತಸ್ತುಗಳನ್ನು ಹತ್ತಿ ಬರುವನು. ಬದುಕಿ ಉಳಿದುದು ಹೇಗೆಂಬುದಕ್ಕೆ ಚಿತ್ರವು ವಿವರಣೆ ಕೊಡುವುದಿಲ್ಲ.

ಇದಕ್ಕಾಗಿ ಬೊರ್ಜೇಗಿಗೆ, ೧೯೨೯ರ ಮೇ ತಿಂಗಳಲ್ಲಿ ನಡೆದ ಮೊಟ್ಟಮೊದಲ ಅಕಾಡೆಮಿ ಪಾರಿತೋಷಕಗಳ ವಿತರಣೆಯಲ್ಲಿ, ಗಂಭೀರಚಿತ್ರದ ಅತ್ಯುತ್ತಮ ನಿರ್ದೇಶಕನೆಂಬ ಗೌರವವು ಸಂದಿತು. ಗೇನರಳಿಗೆ ಈ ಚಿತ್ರವೂ ಸೇರಿ ಮೂರು ಚಿತ್ರಗಳ ಅಭಿನಯಕ್ಕಾಗಿ ಉತ್ತಮನಟಿಯ ಪಾರಿತೋಷಕವು ದೊರೆಯಿತು.

೪. ಕರುಣವೋ ವಿಪ್ರಲಂಭವೋ

ಸತ್ತವನು ಬರುವುದು ಸಂಭಾವ್ಯವೇ ಎಂಬ ಆಕ್ಷೇಪವು ಇಲ್ಲಿ ಏಳುತ್ತದೆ. ನಮ್ಮ ಆಲಂಕಾರಿಕರು ಇಂತಹ ಸನ್ನಿವೇಶವನ್ನು ಬೇರೆ ದಾರಿಯಿಂದ ವಿಚಾರಿಸಿರುವರು. ಪ್ರೇಮಿಗಳಲ್ಲಿ ಒಬ್ಬರು ಮಡಿದು ಮತ್ತೊಬ್ಬರು ಶೋಕಿಸುವಲ್ಲಿ ರಸವು ಕರುಣವೇ ಶೃಂಗಾರವೇ ಎಂಬುದು ಅವರ ಪ್ರಶ್ನೆ. ಧನಂಜಯನ ‘ದಶರೂಪಕ’ವು ಅದನ್ನು ಶೋಕವೆಂದೇ ಎಣಿಸುತ್ತದೆ, ಮೃತನು ಮರಳಿ ದೊರೆಯುವನೆಂದಾದರೆ ಮಾತ್ರ ಶೃಂಗಾರಕ್ಕೆ ಅವಕಾಶ. ವಿಶ್ವನಾಥನು ‘ಸಾಹಿತ್ಯದರ್ಪಣ’ದ ಮೂರನೆಯ ಪರಿಚ್ಛೇದದಲ್ಲಿ ಇದಕ್ಕೆ ಕರುಣವಿಪ್ರಲಂಭವೆಂದು ಪ್ರತ್ಯೇಕವಾದ ಹೆಸರನ್ನೇ ಕೊಟ್ಟಿರುವನು. ಲೋಕಾಂತರಕ್ಕೆ ಹೋದವರು ಮರಳಿ ಲಭ್ಯರಾಗುವಂತಿದ್ದರೆ ಅದು ಕರುಣವಿಪ್ರಲಂಭ. ಲಭ್ಯರಲ್ಲವೆಂದಾದರೆ ಶುದ್ಧ ಕರುಣ. ಇಬ್ಬರು ಲಾಕ್ಷಣಿಕರ ಸಂಪ್ರದಾಯದಲ್ಲಿಯೂ ಉದಾಹರಣೆಯು ಕಾದಂಬರಿಯದೇ. ನಾಗವರ್ಮನ ಕನ್ನಡದಲ್ಲಿ ಆ ಕಥೆಯನ್ನು ಪಾಠ ಹೇಳಿದವರಿಗೆ ಅಚ್ಛೋದದ ದಡದ ಮಹಾಶ್ವೇತೆಯ ಚಿತ್ರವು ಮನಸ್ಸಿನಲ್ಲಿ ಇದ್ದೇ ಇರುವುದು. ಪುಂಡರೀಕನ ದೇಹವನ್ನು ದಿವ್ಯಪುರುಷನೊಬ್ಬನು ಎತ್ತಿಕೊಂಡುಹೋಗಿ, ಪುನಃಸಮಾಗಮವಾಗುವುದೆಂದು ಹೇಳಿದ ಗಳಿಗೆಯಿಂದ ಅವಳ ಶೋಕವು ತಪಸ್ಸಾಗಿ ಮಾರ್ಪಡುತ್ತದೆ.

ಇಲ್ಲಿ ಗಮನಿಸತಕ್ಕ ಅಂಶವೊಂದುಂಟು. ಪುನರ್ಲಾಭವು ಸಂಭಾವ್ಯವೇ ಎಂದು ಲಾಕ್ಷಣಿಕರು ಕೇಳಲಿಲ್ಲ. ಕಾವ್ಯವು ಆ ನಿರೀಕ್ಷೆಯನ್ನು ಸ್ಥಾಪಿಸಿದೆಯೇ ಎಂಬುದಷ್ಟೇ ಅವರ ಅಳತೆಗೋಲು. ನಂಬಲು ಬರುವ ಅಸಾಧ್ಯವು, ನಂಬಲು ಬಾರದ ಸಾಧ್ಯಕ್ಕಿಂತ ಕಾವ್ಯದಲ್ಲಿ ಮೇಲೆಂದ ಅರಿಸ್ಟಾಟಲನ ಅಭಿಪ್ರಾಯವೂ ಇದಕ್ಕೆ ದೂರವಲ್ಲ. ‘ಸೆವೆಂತ್ ಹೆವನ್’ ಚಿತ್ರದಲ್ಲಿ ದಿವ್ಯಪುರುಷನ ಮಾತಿನ ಕಾರ್ಯವನ್ನು ಹನ್ನೊಂದು ಗಂಟೆಯ ಸಂಕೇತವು ಮಾಡುತ್ತದೆ. ದೇಹಗಳು ದೂರವಿದ್ದಾಗಲೂ ಸಮಾಗಮವು ದಿನದಿನವೂ ನಡೆಯುತ್ತಲೇ ಇದ್ದಿತೆಂದು ಚಿತ್ರವು ಮೊದಲೇ ನಮ್ಮನ್ನು ಒಪ್ಪಿಸಿರುವುದರಿಂದ, ಕಡೆಯಲ್ಲಿ ಚೀಕೋ ಬಾಗಿಲಲ್ಲಿ ನಿಂತಾಗ ಹೊಸದೇನೂ ನಡೆದಂತಾಗುವುದಿಲ್ಲ. ಒಳಗೆ ನಡೆಯುತ್ತಿದ್ದುದು ಹೊರಗೆ ಕಾಣುವುದು ಮಾತ್ರ. ಅವನು ಕುರುಡನಾಗಿರುವುದೂ ಈ ಅರ್ಥಕ್ಕೇ ಪೋಷಕ.

ಇದೇ ಜೋಡಿ ನಟಿಸಿದ ಮುಂದಿನ ಎರಡು ಚಿತ್ರಗಳು ಈ ಲಕ್ಷಣವನ್ನು ದೃಢಪಡಿಸುತ್ತವೆ. ‘ಸ್ಟ್ರೀಟ್ ಏಂಜೆಲ್’ (೧೯೨೮) ಚಿತ್ರದಲ್ಲಿ ನೇಪಲ್ಸಿನ ಬಡ ಹುಡುಗಿಯನ್ನು ಚಿತ್ರಗಾರನೊಬ್ಬನು ಬರೆದ ಪಟವು ಕೈಬದಲಾಗಿ ದೇವಮಾತೆಯ ಪಟವಾಗುವುದು. ಅವಳು ಸೆರೆಮನೆಗೆ ಹೋಗಿಬಂದುದನ್ನು ತಿಳಿದ ಆತನು ಕೋಪಾಂಧನಾಗಿ ಅಟ್ಟಿಸಿಕೊಂಡು ಬಂದು, ಚರ್ಚಿನಲ್ಲಿ ಆ ಪಟವನ್ನು ಕಂಡು, ಅವಳ ನಿಜಸ್ವರೂಪವನ್ನು ಅರಿಯುವನು. ಇಲ್ಲಿ ಮರಳಿ ದೊರೆತುದು ನಂಬಿಕೆ. ‘ಲಕ್ಕಿ ಸ್ಟಾರ್’ (೧೯೨೯) ಚಿತ್ರದಲ್ಲಿ ಯುದ್ಧದಿಂದ ಕಾಲು ಕಳೆದುಕೊಂಡು ಗಾಲಿಕುರ್ಚಿಯಲ್ಲಿ ಕುಳಿತವನು ಪ್ರಿಯೆಗಾಗಿ ಹಿಮದಲ್ಲಿ ಬೀಳುತ್ತ ಏಳುತ್ತ ನಡೆಯುವನು. ಈ ಚಿತ್ರವೇ ಬಹುಕಾಲ ನಷ್ಟವಾಯಿತೆಂದು ಎಣಿಸಲ್ಪಟ್ಟು, ಹಾಲೆಂಡಿನ ಚಿತ್ರಸಂಗ್ರಹಾಲಯದಲ್ಲಿ ಪ್ರತಿಯು ದೊರೆತು, ೧೯೯೦ರಲ್ಲಿ ಇಟಲಿಯ ಪೋರ್ದೆನೋನೆ ಉತ್ಸವದಲ್ಲಿ ಮತ್ತೆ ಬೆಳಕು ಕಂಡಿತು. ಅದೇ ಕಾಲದ ‘ದಿ ರಿವರ್’ ಅಪೂರ್ಣರೂಪದಲ್ಲಿ ಮಾತ್ರ ಉಳಿದಿದೆ.

೫. ವಾಕ್ಚಿತ್ರಗಳು: ನೆಲೆಯೂ ಮರಣವೂ

ಮಾತು ಬಂದ ಮೇಲೆ ಮೂಕಚಿತ್ರದ ಹಲವು ನಿರ್ದೇಶಕರು ಹಿಂದೆ ಬಿದ್ದರು. ಬೊರ್ಜೇಗಿಗೆ ಹಾಗಾಗಲಿಲ್ಲ. ‘ಬ್ಯಾಡ್ ಗರ್ಲ್’ (೧೯೩೧) ಚಿತ್ರಕ್ಕಾಗಿ ಎರಡನೆಯ ಬಾರಿ ನಿರ್ದೇಶಕನ ಪಾರಿತೋಷಕವನ್ನು ಪಡೆದನು. ಹೊಸದಾಗಿ ಮದುವೆಯಾದ ಬಡ ದಂಪತಿಗಳ ಚೊಚ್ಚಲ ಮಗುವಿನ ನಿರೀಕ್ಷೆಯಷ್ಟೇ ಅದರ ವಸ್ತು. ‘ಮ್ಯಾನ್ಸ್ ಕ್ಯಾಸಲ್’ (೧೯೩೩) ಆರ್ಥಿಕ ಮುಗ್ಗಟ್ಟಿನ ಕಾಲದ ನ್ಯೂಯಾರ್ಕಿನಲ್ಲಿ, ನದೀತೀರದ ನಿರ್ಗತಿಕರ ಗುಡಿಸಲುಗಳ ನಡುವೆ ನಡೆಯುತ್ತದೆ. ನಾಯಕನು ಗುಡಿಸಲಿನ ಮಾಡಿನಲ್ಲಿ ಕಿಂಡಿ ತೆರೆದು ಹಾಸಿಗೆಯಿಂದಲೇ ಆಕಾಶವನ್ನು ನೋಡುವನು. ಮಾಳಿಗೆಯ ಕೋಣೆಯೇ ಇಲ್ಲಿ ತಗಡಿನ ಗುಡಿಸಲಾಗಿದೆ. ಮದುವೆಗೆ ಮುನ್ನವೇ ಕೂಡಿ ಬಾಳುವ ಇವರ ಕಥೆಯು, ೧೯೩೪ರಿಂದ ನಿಷ್ಠುರವಾಗಿ ಆಚರಣೆಗೆ ಬಂದ ನೀತಿಸಂಹಿತೆಗೆ ಒಗ್ಗದೆ, ೧೯೩೮ರ ಪುನಃಪ್ರದರ್ಶನಕ್ಕೆ ಕತ್ತರಿಸಲ್ಪಟ್ಟಿತು.

ಇವೆರಡರ ನಡುವೆ ಬಂದ ‘ಎ ಫೇರ್‌ವೆಲ್ ಟು ಆರ್ಮ್ಸ್’ (೧೯೩೨) ಸಾಹಿತ್ಯಾಧ್ಯಾಪಕರು ವಿಶೇಷವಾಗಿ ಪರಿಶೀಲಿಸತಕ್ಕುದು. ೧೯೨೯ರಲ್ಲಿ ಪ್ರಕಟವಾದ ಹೆಮಿಂಗ್ವೇಯ ಕಾದಂಬರಿಯು ಹೆರಿಗೆಯಲ್ಲಿ ನಾಯಿಕೆ ತೀರಿಕೊಂಡ ಮೇಲೆ ನಾಯಕನು ಮಳೆಯಲ್ಲಿ ಒಬ್ಬನೇ ಬಿಡಾರಕ್ಕೆ ನಡೆದುಹೋಗುವುದರೊಂದಿಗೆ ಮುಗಿಯುತ್ತದೆ. ಶೋಕಕ್ಕೆ ಅಲ್ಲಿ ಸಮಾಧಾನದ ಒಂದು ಮಾತೂ ಇಲ್ಲ. ಚಿತ್ರದಲ್ಲಾದರೋ, ನಾಯಿಕೆಯು ಪ್ರಾಣ ಬಿಡುತ್ತಿದ್ದಂತೆ ಯುದ್ಧ ಮುಗಿದ ಗಂಟೆಗಳು ಮೊಳಗುತ್ತವೆ. ನಾಯಕನು ಅವಳ ದೇಹವನ್ನು ಎರಡು ಕೈಗಳಲ್ಲಿ ಎತ್ತಿ ಕಿಟಕಿಯ ಬೆಳಕಿಗೆ ಹಿಡಿಯುವನು. ಹೆಮಿಂಗ್ವೇಗೆ ಈ ರೂಪಾಂತರವು ಮೆಚ್ಚಿಕೆಯಾಗಲಿಲ್ಲ. ಕಾದಂಬರಿಗೆ ನಿಷ್ಠವಾಗಿದೆಯೇ ಎಂಬ ದೃಷ್ಟಿಯಿಂದ ಆತನ ಅಸಮಾಧಾನವು ನ್ಯಾಯವೇ. ಆದರೆ ಬೊರ್ಜೇಗಿಯ ಕ್ರಮದಲ್ಲಿ ಈ ಕೃತಿಯ ಸ್ಥಾನ ಬೇರೆ. ಕದನವಿರಾಮದ ದಿನವೇ ಚೀಕೋ ಮರಳಿ ಬಂದಿದ್ದನು. ಐದು ವರ್ಷಗಳ ಬಳಿಕ, ಕಥೆಯಲ್ಲಿ ಅದೇ ಕದನವಿರಾಮದ ಹೊತ್ತಿನಲ್ಲಿ, ಕ್ಯಾಥರೀನ್ ಮರಳುವುದಿಲ್ಲ. ಮೇಲೇರುವ ಚಲನೆ ಉಳಿದಿದೆ, ದೇಹದ ಪುನರ್ಲಾಭ ಹೋಗಿದೆ.

ನಾಯಿಕೆಯು ಬದುಕುವ ಇನ್ನೊಂದು ಮುಕ್ತಾಯವನ್ನು ಪ್ಯಾರಮೌಂಟ್ ಸಂಸ್ಥೆಯು ಪ್ರದರ್ಶಕರಿಗೆ ಒದಗಿಸಿದ್ದುದೂ ಉಂಟು. ಹೀಗಿರಲಾಗಿ, ಈ ಮುಕ್ತಾಯಗಳನ್ನೆಲ್ಲ ನಿರ್ದೇಶಕನ ಮನೋಧರ್ಮಕ್ಕೆ ಆರೋಪಿಸುವುದು ಸರಿಯೇ ಎಂದು ಯಾರಾದರೂ ಕೇಳಬಹುದು. ಸಂದೇಹವು ಯುಕ್ತವಾದುದು, ಹಾಲಿವುಡ್ಡಿನ ಚಿತ್ರವು ಹಲವರ ಕೈಕೆಲಸ. ಆದರೆ ಫಾಕ್ಸ್, ಪ್ಯಾರಮೌಂಟ್, ಕೊಲಂಬಿಯಾ, ಯೂನಿವರ್ಸಲ್, ಎಂ.ಜಿ.ಎಂ. ಎಂಬ ಐದು ಸಂಸ್ಥೆಗಳಲ್ಲಿ, ಬೇರೆ ಬೇರೆ ಲೇಖಕರ ಕಥೆಗಳಲ್ಲಿ, ಒಂದೇ ವಿನ್ಯಾಸವು ಮರುಕಳಿಸುವಾಗ ಅವುಗಳಿಗೆಲ್ಲ ಸಾಧಾರಣನಾದವನ ಕೈವಾಡವನ್ನು ಊಹಿಸುವುದು ತರ್ಕಸಮ್ಮತ.

೬. ಜರ್ಮನಿಯ ಮೂರು ಚಿತ್ರಗಳು

೧೯೩೩ರ ಜನವರಿ ೩೦ರಂದು ಹಿಟ್ಲರನು ಜರ್ಮನಿಯ ಪ್ರಧಾನಿಯಾದನು. ಮರುವರ್ಷವೇ ಬೊರ್ಜೇಗಿಯು ಹಾನ್ಸ್ ಫಲ್ಲಾಡನ ಕಾದಂಬರಿಯಿಂದ ‘ಲಿಟಲ್ ಮ್ಯಾನ್, ವಾಟ್ ನೌ?’ ಚಿತ್ರವನ್ನು ತೆಗೆದನು. ಕೆಲಸ ಹೋಗುವ ಭಯದಲ್ಲಿ ಬಾಳುವ ಗುಮಾಸ್ತ, ಆತನ ಹೆಂಡತಿ, ಹುಟ್ಟಲಿರುವ ಮಗು, ಇವರೇ ಅದರ ಪಾತ್ರಗಳು. ಹೆಂಡತಿಯ ಪಾತ್ರ ವಹಿಸಿದ ಮಾರ್ಗರೆಟ್ ಸಲವನ್ ಮುಂದಿನ ಎರಡು ಚಿತ್ರಗಳಲ್ಲಿಯೂ ನಾಯಿಕೆ. ಗೇನರಳ ಮುಖದಲ್ಲಿದ್ದ ಮುಗ್ಧತೆಯ ಬದಲು ಈಕೆಯಲ್ಲಿ ಎಲ್ಲವನ್ನೂ ತಿಳಿದು ಒಪ್ಪಿಕೊಂಡವಳ ಶಾಂತಿ ಇರುವುದು. ಬೊರ್ಜೇಗಿಯ ರಸದೃಷ್ಟಿಯಲ್ಲಿ ಆದ ಮಾರ್ಪಾಡು ನಾಯಿಕೆಯ ಈ ಬದಲಾವಣೆಯಲ್ಲಿಯೇ ತಿಳಿದುಬರುತ್ತದೆ.

‘ತ್ರೀ ಕಾಮ್ರೇಡ್ಸ್’ (೧೯೩೮) ರೆಮಾರ್ಕನ ಕಾದಂಬರಿಯನ್ನು ಆಧರಿಸಿದುದು. ಸ್ಕಾಟ್ ಫಿಟ್ಜ್‌ಜೆರಲ್ಡನ ಹೆಸರು ತೆರೆಯ ಮೇಲೆ ಚಿತ್ರಕಥಾಲೇಖಕನಾಗಿ ಕಾಣಿಸಿಕೊಂಡುದು ಈ ಒಂದು ಚಿತ್ರದಲ್ಲಿ ಮಾತ್ರ. ಕ್ಷಯದಿಂದ ನರಳುವ ಪ್ಯಾಟ್, ಶಸ್ತ್ರಚಿಕಿತ್ಸೆಯ ಬಳಿಕ ಅಲುಗಾಡಕೂಡದೆಂಬ ಎಚ್ಚರಿಕೆಯನ್ನು ತಿಳಿದೂ ತಿಳಿದೂ ಹಾಸಿಗೆಯಿಂದೆದ್ದು, ತನ್ನವರ ಮೇಲೆ ಹೊರೆಯಾಗದೆ ಪ್ರಾಣ ಬಿಡುವಳು. ಕಡೆಯ ದೃಶ್ಯದಲ್ಲಿ ಬದುಕಿರುವ ಇಬ್ಬರು ಗೆಳೆಯರು ಸ್ಮಶಾನದಿಂದ ಹೊರಡುವಾಗ, ಬೀದಿಕಾಳಗದಲ್ಲಿ ಮಡಿದ ಮೂರನೆಯ ಗೆಳೆಯನೂ ಪ್ಯಾಟಳೂ ಛಾಯಾರೂಪದಿಂದ ಜೊತೆಯಲ್ಲಿ ನಡೆಯುವರು. ಮೃತರು ಮರಳಿರುವರು, ಆದರೆ ನೆರಳಾಗಿ.

‘ದಿ ಮಾರ್ಟಲ್ ಸ್ಟಾರ್ಮ್’ (೧೯೪೦) ಫಿಲಿಸ್ ಬಾಟಮಳ ಕಾದಂಬರಿಯಿಂದ ಬಂದುದು. ಹಿಟ್ಲರನು ಅಧಿಕಾರಕ್ಕೆ ಬಂದ ದಿನವೇ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ರಾತ್ ತನ್ನ ಅರುವತ್ತನೆಯ ಹುಟ್ಟುಹಬ್ಬವನ್ನು ಆಚರಿಸುತ್ತಿರುವನು. ರಕ್ತದಲ್ಲಿ ಜಾತಿಭೇದವಿಲ್ಲವೆಂಬ ವೈಜ್ಞಾನಿಕ ಸತ್ಯವನ್ನು ಹಿಂತೆಗೆದುಕೊಳ್ಳಲು ಒಪ್ಪದ ಆತನನ್ನು ಶಿಷ್ಯರು ತೊರೆಯುವರು. ಪುಸ್ತಕಗಳು ಸುಡಲ್ಪಡುತ್ತವೆ, ಆತನು ಬಂದಿಖಾನೆಯಲ್ಲಿ ಸಾಯುವನು. ಅಧ್ಯಾಪಕ ವೃತ್ತಿಯವರು ಈ ಭಾಗವನ್ನು ನಿರ್ಲಿಪ್ತರಾಗಿ ನೋಡುವುದು ಕಷ್ಟ. ಮಗಳು ಫ್ರೇಯಾ ತನ್ನ ಪ್ರಿಯನೊಡನೆ ಹಿಮದ ಕಣಿವೆಯನ್ನು ದಾಟಿ ಆಸ್ಟ್ರಿಯಾ ಸೇರುವಷ್ಟರಲ್ಲಿ ಗುಂಡೇಟು ತಗಲಿ ಅವನ ತೋಳುಗಳಲ್ಲಿ ಅಸುನೀಗುವಳು. ಕಡೆಗೆ ಮಲಮಗ ಆಟೋ ಬರಿದಾದ ಮನೆಯಲ್ಲಿ ಒಬ್ಬನೇ ನಡೆಯುತ್ತಿರಲು, ಹಿಂದೆ ಆ ಕೋಣೆಗಳಲ್ಲಿ ಆಡಿದ ಮಾತುಗಳು ಕೇಳಿಬರುತ್ತವೆ. ಹೊರಗೆ ಹೆಜ್ಜೆಗುರುತುಗಳ ಮೇಲೆ ಹಿಮ ಕವಿಯುತ್ತದೆ. ಅಮೆರಿಕಾ ಇನ್ನೂ ಯುದ್ಧಕ್ಕಿಳಿಯದಿದ್ದ ಕಾಲದಲ್ಲಿ ಬಂದ ಈ ಚಿತ್ರದ ಬಳಿಕ ಎಂ.ಜಿ.ಎಂ. ಸಂಸ್ಥೆಯ ಚಿತ್ರಗಳು ಜರ್ಮನಿಯಲ್ಲಿ ನಿಷಿದ್ಧವಾದವು.

ಈಗ ಕ್ರಮವನ್ನು ನೋಡೋಣ. ೧೯೨೭ರಲ್ಲಿ ಮೃತನೆಂದುಕೊಂಡವನು ಸಶರೀರನಾಗಿ ಬಂದನು. ೧೯೩೨ರಲ್ಲಿ ದೇಹವು ನಿರ್ಜೀವವಾಗಿ, ಗಂಟೆಯ ನಾದ ಮಾತ್ರ ಮೇಲೆದ್ದಿತು. ೧೯೩೮ರಲ್ಲಿ ಉಳಿದುದು ಛಾಯೆ. ೧೯೪೦ರಲ್ಲಿ ಛಾಯೆಯೂ ಇಲ್ಲ. ಖಾಲಿ ಮನೆಯ ಧ್ವನಿ, ಅಳಿಸಿಹೋಗುವ ಹೆಜ್ಜೆ. ವಿಶ್ವನಾಥನ ಪರಿಭಾಷೆಯಲ್ಲಿ ಹೇಳುವುದಾದರೆ, ಕರುಣವಿಪ್ರಲಂಭವು ಹಂತಹಂತವಾಗಿ ಕರುಣಕ್ಕೆ ಇಳಿಯಿತು. ಶ್ರದ್ಧೆಯು ಕುಗ್ಗಿದುದರಿಂದ ಹೀಗಾಯಿತೆನ್ನಲು ಆಧಾರವಿಲ್ಲ. ಲೋಕದಲ್ಲಿ ನಡೆಯುತ್ತಿದ್ದುದನ್ನು ಕಂಡ ಕಲಾವಿದನು ಸುಲಭವಾದ ಪುನರ್ಲಾಭವನ್ನು ಕೊಡಲು ಒಪ್ಪಲಿಲ್ಲವೆಂದೇ ತೋರುತ್ತದೆ. ಅತಿಭಾವುಕನೆನಿಸಿಕೊಂಡವನ ಪ್ರಾಮಾಣಿಕತೆಗೆ ಇದಕ್ಕಿಂತ ಬೇರೆ ಸಾಕ್ಷ್ಯ ಬೇಡ.

೭. ಕಡೆಯ ಕೃತಿಗಳು, ಉಪಸಂಹಾರ

ಅನಂತರದ ಕೃತಿಗಳಲ್ಲಿ ‘ಮೂನ್‌ರೈಸ್’ (೧೯೪೮) ಒಂದನ್ನು ಇಲ್ಲಿ ಹೆಸರಿಸಿದರೆ ಸಾಕು. ತಂದೆಗೆ ಗಲ್ಲಾಯಿತೆಂದು ಬಾಲ್ಯದಿಂದ ಹೀಯಾಳಿಕೆಗೆ ಗುರಿಯಾದ ಯುವಕನು ಜಗಳದಲ್ಲಿ ಒಬ್ಬನನ್ನು ಕೊಂದು, ಜೌಗುನಾಡಿನಲ್ಲಿ ತಲೆಮರೆಸಿಕೊಂಡು, ಕಡೆಗೆ ತಾನಾಗಿ ಶರಣಾಗುವನು. ಮರಳಿ ದೊರೆಯುವುದು ಇಲ್ಲಿ ಮೃತನಾದ ಪ್ರಿಯನಲ್ಲ, ಕಳೆದುಹೋದ ಮಾನುಷತ್ವ. ಇದಾದ ಮೇಲೆ ಹತ್ತು ವರ್ಷ ಬೊರ್ಜೇಗಿಯಿಂದ ಚಿತ್ರ ಬರಲಿಲ್ಲ. ೧೯೫೮ ಮತ್ತು ೧೯೫೯ರಲ್ಲಿ ‘ಚೈನಾ ಡಾಲ್’, ‘ದಿ ಬಿಗ್ ಫಿಷರ್‌ಮನ್’ ಎಂಬ ಎರಡು ಚಿತ್ರಗಳನ್ನು ತೆಗೆದು, ೧೯೬೨ನೆಯ ಜೂನ್ ೧೯ರಂದು ತೀರಿಕೊಂಡನು. ೧೯೬೮ರಲ್ಲಿ ಆಂಡ್ರೂ ಸ್ಯಾರಿಸನು ಅಮೆರಿಕಾದ ನಿರ್ದೇಶಕರನ್ನು ವರ್ಗೀಕರಿಸಿದಾಗ ಈತನಿಗೆ ಎರಡನೆಯ ಪಂಕ್ತಿಯಲ್ಲಿ ಎಡೆಯಿತ್ತನು. ೧೯೯೩ರಲ್ಲಿ ಹರ್ವೆ ದ್ಯೂಮೊನ ವಿಸ್ತಾರವಾದ ಅಧ್ಯಯನವು ಫ್ರೆಂಚಿನಲ್ಲಿ ಹೊರಬಂದಿತು.

ಮೆಲೋಡ್ರಾಮಾ ಎಂಬ ಮಾತನ್ನು ನಿಂದಾರ್ಥದಲ್ಲಿಯೇ ಬಳಸುವ ರೂಢಿಯು ತರಗತಿಗಳಲ್ಲಿ ಬಲವಾಗಿದೆ. ಆಕಸ್ಮಿಕ ಪುನಃಸಮಾಗಮವನ್ನು ಕಂಡೊಡನೆ ದೋಷವೆಂದು ಗುರುತಿಸಲು ವಿದ್ಯಾರ್ಥಿಗಳು ಬೇಗನೆ ಕಲಿಯುವರು. ಆ ಪುನರ್ಲಾಭದ ನಿರೀಕ್ಷೆಯನ್ನು ಕೃತಿಯು ತನ್ನ ಒಡಲಿನಲ್ಲಿಯೇ ಬೆಳೆಸಿದೆಯೇ, ಅದಕ್ಕೆ ಏನು ಬೆಲೆ ತೆತ್ತಿದೆ ಎಂದು ಕೇಳುವುದನ್ನೂ ಅವರು ಕಲಿಯಬೇಕು. ಬೆಲೆ ತೆರದೆ ಬಂದ ಪುನರ್ಲಾಭವು ಬರಿಯ ಉಪಾಯ. ಬೊರ್ಜೇಗಿಯ ಚೀಕೋ ಕಣ್ಣುಗಳನ್ನು ತೆತ್ತು ಬಂದನು. ಫ್ರೇಯಾಳಿಗೆ ಗಡಿಯ ಆಚೆಯ ನೆಲದಲ್ಲಿ ಉಸಿರು ಬಿಡುವಷ್ಟು ಮಾತ್ರ ದೊರೆಯಿತು. ಈ ಎರಡು ಮುಕ್ತಾಯಗಳನ್ನೂ ಒಂದೇ ಕೈ ರಚಿಸಿತೆಂಬುದನ್ನು ಮನಸ್ಸಿನಲ್ಲಿಟ್ಟು ನೋಡಿದರೆ, ಮೊದಲನೆಯದನ್ನು ಹಗುರವಾದ ಸುಖಾಂತವೆಂದು ತಳ್ಳಿಹಾಕುವುದು ಯಾರಿಗೂ ಸಾಧ್ಯವಾಗದು.